ಅಪ್ಪನ ಹೆಸರು ಪಟ್ಟಿಯಲ್ಲಿಲ್ಲ, ಯಾರನ್ನು ಕೇಳಲಿ?

ಪ್ರಶ್ನೆ

ನಾನು ಸಂಡೂರು ತಾಲ್ಲೂಕಿನ ಬಂಡ್ರಿಯವಳು. ನನಗೀಗ 24 ವರ್ಷ. ಮೂರನೇ ಕ್ಲಾಸಿನಲ್ಲಿದ್ದಾಗ ಹೊಲದ ಬದುವಿನ ಜಗಳ ಬೆಳೆದು ನಮ್ಮಪ್ಪನ ಕೈಯಿಂದ ಒಂದು ಜೀವ ಹೋಯಿತು. ಹೊಸಪೇಟೆ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಧಾರವಾಡದ ಹೈಕೋರ್ಟಿಗೆ ಹೋದರೂ ಅದೇ ಉಳಿಯಿತು. ಅಪ್ಪ ಒಳಗೆ ಹೋಗಿ ಹದಿನೈದು ವರ್ಷ ದಾಟಿದೆ. ಜೈಲಿನಲ್ಲಿ ಅವನ ಮೇಲೆ ಒಂದು ದೂರೂ ಇಲ್ಲ. ಅಕ್ಷರ ಬಾರದವನು ಅಲ್ಲೇ ಓದಲು ಕಲಿತು ಈಗ ನನಗೆ ಕಾಗದ ಬರೆಯುತ್ತಾನೆ.

ಸನ್ನಡತೆ ಮೇಲೆ ಬಿಡುವವರ ಪಟ್ಟಿಯಲ್ಲಿ ಈ ಸಲ ಹೆಸರು ಬರುತ್ತದೆ ಅಂತ ಹೇಳಿದ್ದರು. ಬರಲಿಲ್ಲ. ಯಾಕೆ ಅಂದರೆ 'ಪೊಲೀಸ್ ವರದಿ ಸರಿ ಇಲ್ಲ' ಅಂತ ಬಾಯಲ್ಲಿ ಹೇಳಿದರು, ಬರೆದು ಏನೂ ಕೊಡಲಿಲ್ಲ. ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದಾಗ ಪೆರೋಲ್ ಕೇಳಿದ್ದೆವು. ಊರಲ್ಲಿ ಶಾಂತಿ ಕದಡುತ್ತದೆ ಅಂತ ಅದನ್ನೂ ಬೇಡ ಅಂದರು. ಆದರೆ ಎಂಟು ವರ್ಷದ ಹಿಂದೆ ಅಪ್ಪ ಹದಿನೈದು ದಿನಕ್ಕೆ ಬಂದಿದ್ದ. ಏನೂ ಆಗಲಿಲ್ಲ. ಹೇಳಿದ ದಿನಕ್ಕೆ ವಾಪಸ್ ಹೋದ. ಈ ಸಲ ಅಪ್ಪನನ್ನು ಯಾರೂ ನೋಡಲಿಲ್ಲ, ನಮ್ಮನ್ನು ಯಾರೂ ಕೇಳಲಿಲ್ಲ, ಬೇಡ ಅಂದುಬಿಟ್ಟರು.

ಈಗ ಒಬ್ಬ ಮನುಷ್ಯ ಬಂದು, ಒಂದೂವರೆ ಲಕ್ಷ ಕೊಟ್ಟರೆ ಮುಂದಿನ ಪಟ್ಟಿಗೆ ಹೆಸರು ಸೇರಿಸುತ್ತೇನೆ ಅಂತಿದ್ದಾನೆ. ಅವ್ವ ಉಳಿದಿರುವ ಎರಡು ಎಕರೆ ಮಾರಲು ಹೊರಟಿದ್ದಾಳೆ.

ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ತೀರಿಕೊಂಡವರ ಹೆಂಡತಿ ಇರುವುದು ನಮ್ಮ ಹಿಂದಿನ ಓಣಿಯಲ್ಲೇ. ಒಂದೇ ನಲ್ಲಿಗೆ ನೀರಿಗೆ ಹೋಗುತ್ತೇವೆ. ಆಕೆ ಇಷ್ಟು ವರ್ಷದಲ್ಲಿ ನನ್ನ ಕೂಡ ಮಾತಾಡಿಲ್ಲ, ಬೈದೂ ಇಲ್ಲ. ಅಪ್ಪನನ್ನು ಬಿಡಿ ಅಂತ ಕೇಳುವಾಗೆಲ್ಲ ಆಕೆಯ ಮುಖ ಕಣ್ಣ ಮುಂದೆ ಬರುತ್ತದೆ. ಕೇಳುವುದೇ ತಪ್ಪಾ?

— ಹೆಸರು ಬೇಡ, ಬಂಡ್ರಿ

ಉತ್ತರ

ತಂಗಿ, ಜೈಲಿನ ಹೆಸರು, ಠಾಣೆಯ ಹೆಸರು, ದುಡ್ಡು ಕೇಳಿದವನ ಹೆಸರು ನಿಮ್ಮ ಪತ್ರದಲ್ಲಿದ್ದವು. ನಿಮಗೆ ತೊಂದರೆಯಾಗಬಾರದೆಂದು ಇಲ್ಲಿ ಬಿಟ್ಟಿದ್ದೇನೆ.

ಮೊದಲು ಹೊಲದ ಮಾತು. ಇವತ್ತೇ ಅವ್ವನ ಹತ್ತಿರ ಕೂತು ಹೇಳಿ, ಎರಡು ಎಕರೆ ಮಾರುವುದು ಬೇಡ. ಬಿಡುಗಡೆಯ ಪಟ್ಟಿ ಒಬ್ಬನ ಕೈಯಲ್ಲಿ ತಯಾರಾಗುವುದಿಲ್ಲ. ಜೈಲಿನಿಂದ ಹೊರಟ ಕಡತ ಕಾರಾಗೃಹ ಇಲಾಖೆಯ ಮುಖ್ಯ ಕಚೇರಿ, ಗೃಹ ಇಲಾಖೆ, ಸಚಿವ ಸಂಪುಟ ದಾಟಿ ರಾಜಭವನದವರೆಗೆ ಹೋಗುತ್ತದೆ. ನಡುವೆ ಪೊಲೀಸರು, ಪ್ರೊಬೇಷನ್ ಅಧಿಕಾರಿ, ಶಿಕ್ಷೆ ಕೊಟ್ಟ ಕೋರ್ಟು ತಮ್ಮ ತಮ್ಮ ಅಭಿಪ್ರಾಯ ಬರೆಯುತ್ತಾರೆ. ಇಷ್ಟು ಮೇಜುಗಳನ್ನು ಒಂದೂವರೆ ಲಕ್ಷಕ್ಕೆ ಕೊಂಡುಕೊಡುತ್ತೇನೆ ಎನ್ನುವವನು ಮೋಸಗಾರ. ನಿಮ್ಮ ತಂದೆ ಅರ್ಹರಿದ್ದು ಮುಂದಿನ ಸಲ ಹೆಸರು ತಾನಾಗಿಯೇ ಬಂದರೆ 'ನಾನೇ ಮಾಡಿಸಿದ್ದು' ಎನ್ನುತ್ತಾನೆ, ಬಾರದಿದ್ದರೆ ಫೋನ್ ಎತ್ತುವುದಿಲ್ಲ. ಎರಡರಲ್ಲೂ ಹೊಲ ಹೋಗಿರುತ್ತದೆ. ಅವನ ಹಿಂದೆ ಸರ್ಕಾರಿ ನೌಕರ ಯಾರಾದರೂ ಇದ್ದಾನೆ ಎನಿಸಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು. ಇದನ್ನೂ ತಿಳಿದಿರಿ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಡಬೇಕಾಗಿ ಬಂದವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರಾಗುತ್ತಾರೆ. ಅಪ್ಪನನ್ನು ಹೊರಗೆ ತರಲು ಹೋಗಿ ಅವ್ವ ಕೋರ್ಟು ಹತ್ತುವಂತಾಗಬಾರದು.

ಈಗ ನಿಮ್ಮ ಮುಂದಿರುವ ದಾರಿ. ಎರಡು ಬೇರೆ ಬೇರೆ ಅರ್ಜಿಗಳು ನಿಮ್ಮ ಪತ್ರದಲ್ಲಿ ಬೆರೆತಿವೆ. ಪೆರೋಲ್ ಎಂದರೆ ನಮ್ಮಲ್ಲಿ ಕೆಲವು ದಿನಗಳ ರಜೆ, ಮುಗಿದ ಮೇಲೆ ಜೈಲಿಗೆ ಮರಳಲೇಬೇಕು. ಅದರ ಅರ್ಜಿ ಜೈಲಿನ ಸೂಪರಿಂಟೆಂಡೆಂಟರಿಗೆ ಹೋಗುತ್ತದೆ. ಪಟ್ಟಿಯಲ್ಲಿ ಹೆಸರು ಬರುವುದು ಅವಧಿಪೂರ್ವ ಬಿಡುಗಡೆ, ಅದು ಸರ್ಕಾರದ ತೀರ್ಮಾನ. ಒಂದನ್ನು ನಿರಾಕರಿಸಿದರು ಎಂದು ಇನ್ನೊಂದರ ಬಾಗಿಲು ಮುಚ್ಚುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ಹಿಡಿಯಬೇಕು.

ಬಿಡುಗಡೆಯದನ್ನು ಮೊದಲು ನೋಡೋಣ. ಕೊಲೆಯಂಥ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರು ಕನಿಷ್ಠ 14 ವರ್ಷ ಒಳಗೆ ಕಳೆದಿರಲೇಬೇಕು. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 475ನೇ ಕಲಮು. ಈ ಹದಿನಾಲ್ಕರ ಲೆಕ್ಕಕ್ಕೆ ಜೈಲಿನಲ್ಲಿ ಗಳಿಸಿದ ಮಾಫಿ ದಿನಗಳು ಸೇರುವುದಿಲ್ಲ. ಶಿಕ್ಷೆಗೆ ಮೊದಲು ವಿಚಾರಣಾಧೀನ ಬಂದಿಯಾಗಿ ಕಳೆದ ದಿನಗಳು ಸೇರುತ್ತವೆ. ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನು ಕಳೆಯಬೇಕೆಂದು ಗೋವಾದ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ನಿಮ್ಮ ತಂದೆ ಹೊರಗಿದ್ದದ್ದು ಹದಿನೈದೇ ದಿನ, ಆದ್ದರಿಂದ ನೀವು ಬರೆದ ಪ್ರಕಾರ ಹದಿನಾಲ್ಕು ವರ್ಷ ತುಂಬಿದೆ. ಆದರೂ ಜೈಲಿನಿಂದ, ಶಿಕ್ಷೆಯ ದಿನಗಳ ವಿವರವಿರುವ ನಾಮಿನಲ್ ರೋಲ್ ಪ್ರತಿಯನ್ನು ತಂದೆಯವರ ಮೂಲಕ ಪಡೆದು ದಿನಗಳನ್ನು ನೀವೇ ಕೂತು ಎಣಿಸಿ. ಬಂಧನದ ದಿನಾಂಕ ತಪ್ಪಾಗಿ ನಮೂದಾಗಿದ್ದರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ.

ಹದಿನಾಲ್ಕು ತುಂಬಿದ ಮಾತ್ರಕ್ಕೆ ಬಿಡುಗಡೆ ಹಕ್ಕಾಗಿ ಸಿಗುವುದಿಲ್ಲ. ನಿಮಗೆ ಸುಳ್ಳು ಧೈರ್ಯ ಹೇಳುವುದು ನನಗಿಷ್ಟವಿಲ್ಲ. ಜೀವಾವಧಿ ಎಂದರೆ ಕಾನೂನಿನ ಕಣ್ಣಿನಲ್ಲಿ ಜೀವವಿರುವ ತನಕ. ಆದರೆ ತಮ್ಮ ವಿಷಯವನ್ನು ನ್ಯಾಯವಾಗಿ ಪರಿಶೀಲಿಸಬೇಕೆಂದು ಕೇಳುವ ಹಕ್ಕು ನಿಮ್ಮ ತಂದೆಗಿದೆ. ಈ ವಿಷಯದಲ್ಲಿ 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿಮಗೆ ಬಹಳ ಮುಖ್ಯ. ಬಿಡುಗಡೆಯ ನೀತಿ ಇರುವ ರಾಜ್ಯಗಳಲ್ಲಿ ಅರ್ಹರಾದ ಎಲ್ಲ ಶಿಕ್ಷಾ ಬಂದಿಗಳನ್ನು, ಅವರು ಅರ್ಜಿ ಹಾಕಲಿ ಬಿಡಲಿ, ಸರ್ಕಾರ ತಾನಾಗಿಯೇ ಪರಿಗಣಿಸಬೇಕು ಎಂದು ಅದು ಹೇಳಿತು. ಒಪ್ಪಿದರೂ ತಿರಸ್ಕರಿಸಿದರೂ ಚುಟುಕಾಗಿಯಾದರೂ ಕಾರಣ ಬರೆಯಬೇಕು. ಆ ಆದೇಶವನ್ನು ಜೈಲಿನ ಮೂಲಕ ಕೈದಿಗೆ ತಲುಪಿಸಬೇಕು, ಅದನ್ನು ಪ್ರಶ್ನಿಸುವ ಹಕ್ಕಿದೆಯೆಂದೂ ತಿಳಿಸಬೇಕು. ಇದೆಲ್ಲ ನಡೆಯುತ್ತಿದೆಯೇ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನೋಡಿಕೊಳ್ಳಬೇಕು. 'ವರದಿ ಸರಿ ಇಲ್ಲ' ಎಂಬ ಬಾಯಿಮಾತು ಹಾಗಾಗಿ ಉತ್ತರವೇ ಅಲ್ಲ. ಬರೆದದ್ದು ಕೇಳಿ. ನಿಮ್ಮ ತಂದೆ ಒಳಗಿನಿಂದಲೇ ಸೂಪರಿಂಟೆಂಡೆಂಟರಿಗೆ ಮನವಿ ಬರೆದು, ತಮ್ಮ ವಿಷಯವನ್ನು ಯಾವಾಗ ಪರಿಗಣಿಸಲಾಯಿತು, ಏನು ತೀರ್ಮಾನವಾಯಿತು, ಕಾರಣವೇನು ಎಂದು ಹಿಂಬರಹ ಕೇಳಲಿ. ಅವರಿಗೆ ಈಗ ಬರೆಯಲು ಬರುತ್ತದೆ ಎಂದಿರಿ. ಆ ಕೈಬರಹದ ಅರ್ಜಿಯೇ ಅವರ ಹದಿನೈದು ವರ್ಷಗಳ ಬಗ್ಗೆ ಒಂದು ಸಾಕ್ಷ್ಯ.

ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಹೆಸರಿನಲ್ಲಿ ಹಾಕಿದರೆ 'ಬೇರೆಯವರ ವೈಯಕ್ತಿಕ ಮಾಹಿತಿ' ಎಂದು ಹಿಂದಕ್ಕೆ ಕಳುಹಿಸಿಯಾರು, ತಂದೆಯವರ ಹೆಸರಿನಲ್ಲೇ ಹೋಗಲಿ.

ಪೊಲೀಸ್ ವರದಿಯ ಬಗ್ಗೆ ನೀವು ಹೆದರಿದಷ್ಟು ಹೆದರಬೇಕಾಗಿಲ್ಲ. ದೂರದ ಊಹೆಗಳನ್ನು ಮುಂದಿಟ್ಟು ಪೊಲೀಸರು ಶಿಫಾರಸು ಮಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡುಗಡೆಯನ್ನು ಸಾಮಾನ್ಯವಾಗಿ ನಿರಾಕರಿಸಬಾರದು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲೇ ಇದೆ. ಒಮ್ಮೆ ತಿರಸ್ಕಾರವಾದ ಹೆಸರನ್ನು ಮತ್ತೆ ಪರಿಗಣಿಸಲು ಅಡ್ಡಿಯಿಲ್ಲ ಎಂದೂ ಅದು ಹೇಳುತ್ತದೆ. ಇನ್ನು ಏನನ್ನು ನೋಡಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಐದು ಪ್ರಶ್ನೆಗಳಾಗಿ ಹೇಳಿತು. ಅಪರಾಧ ಇಬ್ಬರ ನಡುವಿನದೇ, ಸಮಾಜಕ್ಕೆಲ್ಲ ತಟ್ಟುವಂಥದೇ? ಮತ್ತೆ ಮಾಡುವ ಸಂಭವವಿದೆಯೇ? ಅಪರಾಧ ಮಾಡುವ ಶಕ್ತಿಯೇ ಈಗ ಉಳಿದಿದೆಯೇ? ಇನ್ನೂ ಒಳಗಿಟ್ಟು ಸಾಧಿಸುವುದೇನು? ಮನೆಯವರ ಸ್ಥಿತಿ ಹೇಗಿದೆ? ಬದುವಿನ ಜಗಳದಲ್ಲಿ ಒಂದು ಗಳಿಗೆ ಕೈ ಮೀರಿದ ರೈತ, ಒಳಗೆ ಒಂದು ದೂರೂ ಇಲ್ಲದೆ ಕಳೆದ ಹದಿನೈದು ವರ್ಷ, ಪೆರೋಲ್ ಮುಗಿದ ದಿನವೇ ತಾವಾಗಿ ಮರಳಿದ ದಾಖಲೆ, ಕೂಲಿ ಮಾಡಿ ಮನೆ ನಡೆಸುವ ಹೆಂಡತಿ. ಈ ಐದಕ್ಕೂ ನಿಮ್ಮ ಹತ್ತಿರ ಉತ್ತರವಿದೆ. ಅವು ಕಡತದಲ್ಲಿ ಇಲ್ಲ, ಅಷ್ಟೆ. ಎಂಟು ವರ್ಷದ ಹಿಂದಿನ ಪೆರೋಲ್ ಆದೇಶ, ಜೈಲಿಗೆ ಮರಳಿದ ನಮೂದು, ಸಾಕ್ಷರತೆಯ ಪ್ರಮಾಣಪತ್ರವಿದ್ದರೆ ಅದು, ಅವರು ಹೊರಗೆ ಬಂದರೆ ಎಲ್ಲಿರುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂದು ನೀವೂ ಅವ್ವನೂ ಸಹಿ ಹಾಕಿದ ಒಂದು ಪುಟ, ಇಷ್ಟನ್ನು ಅರ್ಜಿಯ ಜೊತೆ ಲಗತ್ತಿಸಿ. ಆ ಎರಡು ಎಕರೆಯ ಪಹಣಿಯನ್ನೂ ಸೇರಿಸಿ. ಬಂದವರಿಗೆ ದುಡಿಯಲು ನೆಲವಿದೆ ಎಂದು ತೋರಿಸುವ ಕಾಗದ ಅದು. ಮಾರಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಶಿಕ್ಷೆ ಕೊಟ್ಟ ಕೋರ್ಟಿನ ಅಭಿಪ್ರಾಯವನ್ನೂ ಸರ್ಕಾರ ಕೇಳುತ್ತದೆ. ಆ ಅಭಿಪ್ರಾಯ ಹೌದು-ಇಲ್ಲ ಎಂಬ ಒಂದು ಸಾಲಾಗಬಾರದು, ಮೇಲಿನ ಪ್ರಶ್ನೆಗಳನ್ನು ಇಟ್ಟುಕೊಂಡು ಕಾರಣ ಸಮೇತ ಇರಬೇಕು ಎಂದು ಛತ್ತೀಸಗಢದ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಿಷಯದಲ್ಲಿ ಒಂದು ಎಚ್ಚರ ಬೇಕು. ಮೊಕದ್ದಮೆ ನಡೆದಾಗ ಹೊಸಪೇಟೆಯೂ ಬಂಡ್ರಿಯೂ ಒಂದೇ ಜಿಲ್ಲೆಯಲ್ಲಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಶಿಕ್ಷೆಯಾದ ಊರು ಒಂದು ಜಿಲ್ಲೆ, ಮನೆಯಿರುವ ಊರು ಇನ್ನೊಂದು ಜಿಲ್ಲೆ. ಹೀಗಿರುವ ಕಡತಗಳಲ್ಲಿ ಪತ್ರ ತಪ್ಪು ಕಚೇರಿಗೆ ಹೋಗಿ ಕೂರುವುದುಂಟು. ಅರ್ಜಿಯಲ್ಲಿ ಮೊಕದ್ದಮೆ ಸಂಖ್ಯೆ, ಶಿಕ್ಷೆ ಕೊಟ್ಟ ಕೋರ್ಟು, ಈಗಿನ ಜಿಲ್ಲೆ, ಈಗಿನ ಠಾಣೆ ಎಲ್ಲವನ್ನೂ ಬಿಡಿಸಿ ಬರೆಯಿರಿ.

ವಕೀಲರಿಗೆ ಎಲ್ಲಿಂದ ದುಡ್ಡು ಎಂದು ಕೇಳುತ್ತೀರಿ. ಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಜೈಲಿನಲ್ಲಿರುವವರಿಗೂ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನಿಮ್ಮ ಅರ್ಜಿಯೂ ನಡೆಯುತ್ತದೆ, ನಿಮ್ಮ ತಂದೆಯ ಅರ್ಜಿಯೂ ನಡೆಯುತ್ತದೆ. ಸಂಡೂರಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ, ಬಳ್ಳಾರಿಯಲ್ಲಿ ಜಿಲ್ಲಾ ಪ್ರಾಧಿಕಾರ, ಫೋನಿನಲ್ಲಿ 15100. ಸರ್ಕಾರದ ತಿರಸ್ಕಾರ ಲಿಖಿತವಾಗಿ ಬಂದು ಅದರಲ್ಲಿ ಕಾರಣವಿಲ್ಲದಿದ್ದರೆ, ಅಥವಾ ತಿಂಗಳುಗಟ್ಟಲೆ ಉತ್ತರವೇ ಬಾರದಿದ್ದರೆ, ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಲು ಅವರೇ ನೆರವಾಗುತ್ತಾರೆ.

ಪೆರೋಲ್ ವಿಷಯಕ್ಕೆ ಬರುತ್ತೇನೆ. ನಮ್ಮ ಹೈಕೋರ್ಟ್ ಈಚಿನ ವರ್ಷಗಳಲ್ಲಿ ಇದನ್ನು ಕೈದಿಯ ಬಾಳಿನ ಹತ್ತಿರಕ್ಕೆ ಬಂದು ನೋಡಿದೆ. 2023ರಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಒಬ್ಬರಿಗೆ ಮದುವೆಯಾಗಲು ಹದಿನೈದು ದಿನ ಕೊಟ್ಟಿತು. 2024ರ ಕೊನೆಯಲ್ಲಿ ರಾಮನಗರ ಜಿಲ್ಲೆಯ ಒಬ್ಬ ಕೈದಿಗೆ, ಮನೆಯಲ್ಲಿ ಬೇಸಾಯ ಮಾಡುವ ಗಂಡಾಳಿಲ್ಲವೆಂದು, ಜಮೀನು ನೋಡಿಕೊಳ್ಳಲು 90 ದಿನ ಕೊಟ್ಟಿತು. ಜೈಲಿನವರು ನಿರಾಕರಿಸಿದ್ದ ಅರ್ಜಿ ಅದು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಬೇಕೆಂಬ ಷರತ್ತು ಹಾಕಿ ಬಿಟ್ಟರು. ನಿಮ್ಮ ಅರ್ಜಿಗೆ ಅಡ್ಡ ಬಂದದ್ದು ಊರಿನ ಶಾಂತಿ. ಅಪ್ಪ ಬಂಡ್ರಿಗೇ ಬರಬೇಕೆಂಬ ಹಟ ಈಗ ಬೇಡ. ಬಂಧುಗಳು ಕಂಪ್ಲಿಯಲ್ಲೋ ಬೇರೆ ಊರಲ್ಲೋ ಇದ್ದರೆ ಆ ವಿಳಾಸ ಕೊಡಿ. ಅವರ ಒಪ್ಪಿಗೆ ಪತ್ರ, ಇಬ್ಬರು ಜಾಮೀನುದಾರರು, ದಿನ ಬಿಟ್ಟು ದಿನ ಠಾಣೆಗೆ ಹಾಜರಾಗುತ್ತೇನೆ ಎಂಬ ಅಪ್ಪನ ಮಾತು ಅರ್ಜಿಯ ಜೊತೆಗಿರಲಿ. ಅಜ್ಜಿಯನ್ನು ಅಲ್ಲಿಗೇ ಕರೆದೊಯ್ಯಬಹುದು. ವೈದ್ಯರ ಚೀಟಿ ಹೊಸದಾಗಿರಲಿ. ಇಷ್ಟಿದ್ದ ಮೇಲೆ 'ಊರಲ್ಲಿ ಶಾಂತಿ ಕದಡುತ್ತದೆ' ಎಂದು ಬರೆಯಲು ಯಾವ ಊರು ಎಂದು ಹೇಳಬೇಕಾಗುತ್ತದೆ.

ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ಈಗ ಬರುತ್ತೇನೆ.

ಕೇಳುವುದು ತಪ್ಪಲ್ಲ. ಅಪ್ಪ ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡೇ ಅಪ್ಪನನ್ನು ಬಿಡಿ ಎಂದು ಕೇಳಬಹುದು. ಆಕೆಯ ಮುಖ ಕಣ್ಣ ಮುಂದೆ ಬರುತ್ತದೆ ಎಂದಿರಲ್ಲ, ಅದು ಬರುತ್ತಲೇ ಇರಲಿ, ಅದನ್ನು ದೂರ ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಒಬ್ಬರು ಜೈಲಿನಲ್ಲಾದರೂ ಇದ್ದಾರೆ, ಕಾಗದ ಬರುತ್ತದೆ. ಆಕೆಯ ಮನೆಗೆ ಅದೂ ಇಲ್ಲ. ಇಷ್ಟು ವರ್ಷ ನಿಮ್ಮನ್ನು ಬೈಯದೆ ಒಂದೇ ನಲ್ಲಿಯಲ್ಲಿ ನೀರು ಹಿಡಿದ ಹೆಂಗಸು ನಿಮಗೆ ಏನನ್ನೋ ಬಿಟ್ಟುಕೊಟ್ಟಿದ್ದಾರೆ. ಅಪ್ಪನ ತಪ್ಪನ್ನು ಮಗಳ ತಲೆಗೆ ಕಟ್ಟದೆ ಇದ್ದದ್ದು ಸಣ್ಣ ವಿಷಯವಲ್ಲ.

ಆದ್ದರಿಂದ ಕೆಲವು ಕೆಲಸಗಳನ್ನು ಮಾಡಲೇಬೇಡಿ. 'ನಮ್ಮ ಅಭ್ಯಂತರವಿಲ್ಲ' ಎಂದು ಬರೆಸಿಕೊಳ್ಳಲು ಆಕೆಯ ಮನೆಗೆ ಹೋಗಬೇಡಿ. ಪಂಚಾಯಿತಿ ಸದಸ್ಯರನ್ನೋ ಕುಲದ ಹಿರಿಯರನ್ನೋ ಗುಂಪಾಗಿ ಕಳಿಸಬೇಡಿ. ನಾಲ್ಕು ಜನ ಹಿರಿಯರು ಅಂಗಳದಲ್ಲಿ ಕೂತರೆ ಒಂಟಿ ಹೆಂಗಸಿಗೆ ಬೇಡ ಎನ್ನಲು ಆಗುವುದಿಲ್ಲ, ಹಾಗೆ ಸಿಕ್ಕ ಸಹಿ ಒಪ್ಪಿಗೆಯಲ್ಲ. ದುಡ್ಡಿನ ಮಾತಂತೂ ಬೇಡವೇ ಬೇಡ. ಅರ್ಜಿಯಲ್ಲಿ ಸತ್ತವರ ಬಗ್ಗೆ ಒಂದು ಕೆಟ್ಟ ಪದ ಬರದಂತೆ ನೋಡಿಕೊಳ್ಳಿ, ಯಾವ ವಕೀಲರು ಬರೆಯಲು ಹೇಳಿದರೂ ಸರಿ. ಪೆರೋಲ್ ಆದೇಶವಾದರೆ, ಆ ಸುದ್ದಿ ಆಕೆಗೆ ಬೀದಿಯಲ್ಲಿ ಕೇಳಿ ತಿಳಿಯಬಾರದು. ಆಕೆ ನಂಬುವ ಒಬ್ಬ ಹೆಂಗಸಿನ ಮೂಲಕ, ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಯಾರಾದರೂ ಸರಿ, ಮುಂಚೆಯೇ ತಿಳಿಸಿ: ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಊರಲ್ಲಿ ಇರುತ್ತಾರೆ, ಈ ಕಡೆ ಬರುವುದಿಲ್ಲ ಎಂದು. ಅಪ್ಪನಿಗೂ ಇದನ್ನು ಹೇಳಿ, ಅವರ ಬಾಯಿಂದ ಮಾತು ತೆಗೆದುಕೊಳ್ಳಿ.

ಅಪ್ಪ ಈಗ ನಿಮಗೆ ಬರೆಯುವ ಕಾಗದಗಳಲ್ಲಿ ಆ ದಿನದ ಬಗ್ಗೆ ಏನಾದರೂ ಬರೆದಿದ್ದಾರೆಯೇ? ಇಲ್ಲದಿದ್ದರೆ ಕೇಳಿ. ಬೇರೆ ಯಾರಿಗೂ ತೋರಿಸುವುದಕ್ಕಲ್ಲ. ಹೊರಗೆ ಬಂದ ಮೇಲೆ ನೀವಿಬ್ಬರೂ ಒಂದೇ ಸೂರಿನಡಿ ಇರಬೇಕು, ಮಾತಾಡದೆ ಬಿಟ್ಟ ಮಾತು ಮನೆಯಲ್ಲಿ ಬಹಳ ಜಾಗ ಹಿಡಿಯುತ್ತದೆ. ನಿಮ್ಮ ನೆನಪಿನಲ್ಲಿರುವ ಅಪ್ಪ ಮೂರನೇ ಕ್ಲಾಸಿನ ಹುಡುಗಿಯ ಅಪ್ಪ. ಬರುವವರು ವಯಸ್ಸಾದ, ಗಂಟೆ ಹೊಡೆದಾಗ ಏಳುವ, ಲೆಕ್ಕ ಕೊಟ್ಟು ಮಲಗುವ ರೂಢಿ ಬಿದ್ದ ಮನುಷ್ಯ. ಮೊದಲ ತಿಂಗಳುಗಳು ನೀವು ಅಂದುಕೊಂಡಷ್ಟು ಸಂತೋಷವಾಗಿರಲಿಕ್ಕಿಲ್ಲ. ಅದಕ್ಕೆ ಈಗಲೇ ಸಿದ್ಧರಾಗಿ.

ಈಗ ನಿಮಗೆ ಮಾತ್ರವಲ್ಲದೆ ಈ ಅಂಕಣ ಓದುವ ಎಲ್ಲರಿಗೂ ಒಂದು ಮಾತು. 'ಅಪ್ಪನನ್ನು ಯಾರೂ ನೋಡಲಿಲ್ಲ, ನಮ್ಮನ್ನು ಯಾರೂ ಕೇಳಲಿಲ್ಲ' ಎಂದು ಬರೆದಿರಿ. ನಮ್ಮ ಬಿಡುಗಡೆ ವ್ಯವಸ್ಥೆಯ ದೊಡ್ಡ ಕೊರತೆಯೇ ಅದು. ಹದಿನೈದು ವರ್ಷ ಒಳಗಿದ್ದ ಮನುಷ್ಯನ ಬಗ್ಗೆ ತೀರ್ಮಾನವಾಗುವಾಗ ಆ ಮನುಷ್ಯನೇ ಕೋಣೆಯಲ್ಲಿರುವುದಿಲ್ಲ. ಅವನ ಹೆಸರಿನ ಕಾಗದಗಳು ಮಾತ್ರ ಇರುತ್ತವೆ. ಆ ಕಾಗದಗಳಲ್ಲಿ ಅತಿ ಭಾರವಾದದ್ದು ಠಾಣೆಯ ಒಂದು ಸಾಲು. ಅದನ್ನು ಬರೆದವರು ಹದಿನೈದು ವರ್ಷದ ಹಿಂದೆ ಆ ಠಾಣೆಯಲ್ಲಿ ಇದ್ದಿರಲಿಕ್ಕಿಲ್ಲ, ಈಗ ಜೈಲಿಗೆ ಹೋಗಿ ಅವನನ್ನು ನೋಡಿರಲಿಕ್ಕೂ ಇಲ್ಲ. ಸತ್ತವನ ಹೆಂಡತಿಯನ್ನೂ ಕೂರಿಸಿ ಕೇಳಿರುವುದಿಲ್ಲ. 'ಶಾಂತಿ ಕದಡುವ ಸಾಧ್ಯತೆ' ಎಂದು ಆಕೆಯ ಹೆಸರಿನಲ್ಲಿ ಬೇರೆಯವರು ಬರೆಯುತ್ತಾರೆ. ಆಕೆಗೆ ಭಯವಿದೆಯೋ, ಸಿಟ್ಟಿದೆಯೋ, ಸಾಕೆನಿಸಿದೆಯೋ ಯಾರಿಗೆ ಗೊತ್ತು? ಎರಡೂ ಮನೆಗಳು ಈ ವ್ಯವಸ್ಥೆಯಲ್ಲಿ ಬಾಯಿಲ್ಲದವು.

ಬೇರೆ ಕಡೆ ಇದು ಹೀಗಿಲ್ಲ. ಇಂಗ್ಲೆಂಡಿನಲ್ಲಿ ಪೆರೋಲ್ ಮಂಡಳಿ ಐವತ್ತು ವರ್ಷಕ್ಕೂ ಹಿಂದಿನದು. ಅಲ್ಲೂ ಬಹಳ ಕಾಲ ಕಾಗದದ ಮೇಲೇ ತೀರ್ಮಾನಗಳಾಗುತ್ತಿದ್ದವು. ನ್ಯಾಯ ಸಲ್ಲಬೇಕಾದರೆ ಕೈದಿಯನ್ನು ಎದುರಿಗೆ ಕೂರಿಸಿ ಕೇಳಬೇಕಾದ ಸಂದರ್ಭಗಳು ಬಹಳಿವೆ, ಅವನು ಬಿಡುಗಡೆಯಾಗುವ ಸಂಭವ ಕಡಿಮೆಯಿದ್ದರೂ ತನ್ನ ವಿಷಯದಲ್ಲಿ ಮಾತಾಡುವ ಹಿತಾಸಕ್ತಿ ಅವನಿಗಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ತೀರ್ಮಾನದ ಸಾರಾಂಶ ಕೇಳಿ ಪಡೆಯುವ ಅವಕಾಶ ನೊಂದವರ ಮನೆಯವರಿಗೆ 2018ರಿಂದ ಸಿಕ್ಕಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೀವಾವಧಿ ಕೈದಿ ವಕೀಲರ ಜೊತೆ ಮಂಡಳಿಯ ಮುಂದೆ ಕೂರುತ್ತಾನೆ, ಸತ್ತವರ ಮನೆಯವರೂ ಬಂದು ಮಾತಾಡಬಹುದು, ಆಡಿದ ಮಾತೆಲ್ಲ ದಾಖಲಾಗುತ್ತದೆ. ಅಲ್ಲೆಲ್ಲ ದೋಷಗಳಿಲ್ಲವೆಂದಲ್ಲ. ಆದರೆ ಬೇಡ ಎನ್ನುವವರು ಮುಖ ನೋಡಿ ಬೇಡ ಎನ್ನುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಜೈಲುಗಳಿಂದ ಕೋರ್ಟುಗಳಿಗೆ ವಿಡಿಯೊ ಸಂಪರ್ಕ ಆಗಲೇ ಇದೆ. ಅದೇ ಕೋಣೆಯಲ್ಲಿ ಕೈದಿಯನ್ನು ಕೂರಿಸಿ, ಬಿಡುಗಡೆಯನ್ನು ಪರಿಶೀಲಿಸುವ ಸಮಿತಿ ಅರ್ಧ ಗಂಟೆ ಮಾತಾಡಿಸಬಹುದು. ಅವನ ವಿರುದ್ಧದ ವರದಿಯನ್ನು ಮೊದಲೇ ಅವನಿಗೆ ಕೊಟ್ಟು ಉತ್ತರ ಕೇಳಬಹುದು. ನೊಂದ ಮನೆಯವರನ್ನು ಕಾನೂನು ಸೇವಾ ಪ್ರಾಧಿಕಾರದ ಮೂಲಕ, ಠಾಣೆಯ ಹಂಗಿಲ್ಲದೆ, ಬೇರೆಯಾಗಿ ಕೇಳಬಹುದು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳ ಸುತ್ತ ಪಟ್ಟಿಗಾಗಿ ಕಾಯಿಸುವ ಬದಲು ಮೂರು ತಿಂಗಳಿಗೊಮ್ಮೆ ಸಭೆ ಸೇರಿ ಎಂದು ಮಾನವ ಹಕ್ಕುಗಳ ಆಯೋಗ ಹೇಳಿ ಎರಡು ದಶಕ ಕಳೆದಿವೆ. ತೀರ್ಮಾನ ಏನೇ ಇರಲಿ, ಅದು ಕನ್ನಡದಲ್ಲಿ, ಕಾರಣ ಸಮೇತ, ಎರಡೂ ಮನೆಗೆ ತಲುಪಬೇಕು. ಹೀಗೆ ಕೇಳಿದ ಮೇಲೆ ಕೆಲವರನ್ನು ಬಿಡಬಾರದೆಂದೇ ತೀರ್ಮಾನವಾದೀತು. ಆಗಲಿ. ಹೊರಗೆ ಬಂದರೆ ಮತ್ತೆ ಹಾನಿ ಮಾಡುವವರೂ ಇದ್ದಾರೆ, ಅವರನ್ನು ಗುರುತಿಸುವುದಕ್ಕೂ ಎದುರು ಕೂರಿಸಿ ಮಾತಾಡಿಸುವುದೇ ದಾರಿ. ದಲ್ಲಾಳಿ ಹುಟ್ಟುವುದು ಯಾರಿಗೂ ಕಾಣದ ಕೋಣೆಯಲ್ಲಿ. ಏಕೆ ಬಿಟ್ಟರು, ಏಕೆ ಬಿಡಲಿಲ್ಲ ಎಂದು ಬರೆದು ಕೊಡುವ ಕಡೆ ಒಂದೂವರೆ ಲಕ್ಷ ಕೇಳುವವನಿಗೆ ಕೆಲಸವಿರುವುದಿಲ್ಲ.

ಇದನ್ನು ಗೃಹ ಇಲಾಖೆಗೂ ನಿಮ್ಮ ಕ್ಷೇತ್ರದ ಶಾಸಕರಿಗೂ ಬರೆಯಬೇಕಾದವರು ನೀವೊಬ್ಬರೇ ಅಲ್ಲ. ಈ ಜಿಲ್ಲೆಗಳಲ್ಲಿ ನಿಮ್ಮಂಥ ಮನೆಗಳೂ ಆಕೆಯಂಥ ಮನೆಗಳೂ ಇನ್ನೆಷ್ಟೋ ಇವೆ, ನಾವೆಲ್ಲ ಬರೆಯಬೇಕು.

ನೀವು ಮಾತ್ರ ಈ ವಾರ ಒಂದು ದಿನ ಕೂಲಿ ತಪ್ಪಿಸಿಕೊಂಡು ಅವ್ವನ ಜೊತೆ ಸಂಡೂರಿಗೆ ಹೋಗಿ. ತೀರ್ಪಿನ ಪ್ರತಿ, ಹಳೆಯ ಪೆರೋಲ್ ಆದೇಶ, ಪಹಣಿ, ಆಧಾರ್ ಕಾರ್ಡ್ ಜೊತೆಗಿರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವಿಗೆ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಮುಂದಿನ ಭೇಟಿಯಲ್ಲಿ ಅಪ್ಪನಿಗೆ ಅದರ ಜೆರಾಕ್ಸ್ ಕೊಡಿ. ತಿರಸ್ಕಾರದ ಕಾರಣ ಲಿಖಿತವಾಗಿ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ, ಅದಕ್ಕೆ ಏನು ಉತ್ತರ ಕೊಡಬೇಕೆಂದು ಆಗ ನೋಡೋಣ.